ಕಣ್ಣು ಮುಚ್ಚಿ ಬೈದ ಪಾಪ

ಇನ್ನೊಬ್ಬರನ್ನು ತಿದ್ದಲು ಹೋಗಿ ನಾನೇ ಪೇಚಿಗೆ ಬೀಳುವುದು ವರ್ಷಕ್ಕೆ ನಾಲ್ಕು ಸಲವಾದರೂ ನಡೆಯುತ್ತದೆ. ಯಾವ ವರ್ಷ ನಡೆಯಲಿಲ್ಲವೋ ಆ ವರ್ಷ ನನಗೆ ಮೈಯಲ್ಲಿ ಆರಾಮ ಇರಲಿಲ್ಲ ಎಂದೇ ತಿಳಿಯಬೇಕು.

ಕುಷ್ಟಗಿ, ಯಲಬುರ್ಗಾ ಕಡೆಯ ಶಾಲೆಗಳಲ್ಲಿ ಜೀವಮಾನವಿಡೀ ಮಾಸ್ತರಿಕೆ ಮಾಡಿದವನು ನಾನು. ನಿವೃತ್ತಿಯ ದಿನ ಕೆಂಪು ಪೆನ್ನನ್ನು ಶಾಲೆಯ ಮೇಜಿನ ಮೇಲೆ ಇಟ್ಟು ಬಂದೆ. ಅದರ ಚಟ ಮಾತ್ರ ನನ್ನ ಜೊತೆ ಮನೆಗೆ ಬಂತು. ಮನೆಯಲ್ಲಿ ಹೆಂಡತಿಯ ಹತ್ತಿರ ಅದು ನಡೆಯುವುದಿಲ್ಲ. ಹೀಗಾಗಿ ಅದನ್ನು ಚರ್ಚಿಗೆ ಒಯ್ದೆ. ಕುಷ್ಟಗಿಯಲ್ಲಿ ನಮ್ಮದು ನಲವತ್ತು ಮನೆಗಳ ಸಣ್ಣ ಸಭೆ. ನಾನು ಅದರ ಹಿರಿಯರಲ್ಲಿ ಒಬ್ಬ.

ಸಹೋದರನು ತಪ್ಪು ಮಾಡಿದರೆ ಅವನೊಬ್ಬನೇ ಇದ್ದಾಗ ಹೋಗಿ, ಪ್ರೀತಿಯಿಂದ ತಿಳಿಸಿ ಹೇಳಬೇಕು ಎಂಬುದು ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಬಾಯಿಪಾಠ ಮಾಡಿದವರು ಪರೀಕ್ಷೆಯಲ್ಲಿ ಹೇಗೆ ಬರೆಯುತ್ತಾರೆ ಎಂಬುದನ್ನು ಮಾಸ್ತರನಾದ ನಾನು ನಿಮಗೆ ಹೇಳಬೇಕಾಗಿಲ್ಲ. ನಾನೇ ಫೇಲಾದ ಕಥೆ ಇದು. ನಗು ಬಂದರೆ ನಗಿರಿ, ಸಂಕೋಚ ಬೇಡ. ನನ್ನ ಹೆಂಡತಿಯೂ ನಗುತ್ತಾಳೆ. ಆದರೆ ಈ ಚಟದಿಂದ ಒಬ್ಬ ಒಳ್ಳೆಯ ಮನುಷ್ಯ ಎರಡು ವರ್ಷ ನಮ್ಮ ಸಭೆಯ ಮೆಟ್ಟಿಲು ಹತ್ತಲಿಲ್ಲ. ಆ ಸಂಕಟ ನನ್ನದು.

೧. ಸಕ್ಕರೆಯ ಪ್ರಾರ್ಥನೆ

ಎದುರಿಗೆ ಹೇಳಿದರೆ ಜಗಳ, ಹಿಂದೆ ಹೇಳಿದರೆ ಚಾಡಿ. ಇವೆರಡರ ನಡುವೆ ನಮ್ಮ ಮಂದಿ ಒಂದು ಮೂರನೆಯ ದಾರಿ ಕಂಡುಕೊಂಡಿದ್ದಾರೆ. ಹೇಳಬೇಕಾದದ್ದನ್ನೆಲ್ಲ ಕಣ್ಣು ಮುಚ್ಚಿ, ಗಟ್ಟಿಯಾಗಿ, ದೇವರಿಗೆ ಹೇಳುವುದು! ಪಕ್ಕದಲ್ಲಿ ಕೂತವನಿಗೆ ಕೇಳಿಸಿದರೆ ಅದು ಅವನ ಕಿವಿಯ ತಪ್ಪು. ಪ್ರಾರ್ಥನೆಯ ನಡುವೆ ಎದ್ದು ಎದುರು ಮಾತಾಡುವ ಹಾಗೂ ಇಲ್ಲ. ಮತ್ತೆ ಪ್ರಾರ್ಥನೆಯೆಂದರೆ ನಮಗೆ ಪುಸ್ತಕದ ಭಾಷೆಯೇ ಆಗಬೇಕು. ಹೀಗಾಗಿ ಬೈಗುಳವೂ ಶುದ್ಧ ಗ್ರಾಂಥಿಕ ಕನ್ನಡದಲ್ಲಿ ಬರುತ್ತದೆ.

ಈ ವಿದ್ಯೆಯನ್ನು ನಾನು ಕಲಿತದ್ದು ಇರಕಲ್ಲಗಡದ ಒಂದು ಮನೆಕೂಟದಲ್ಲಿ. ಹದಿಮೂರು ಮಂದಿ ಹೋಗಿದ್ದೆವು. ಆ ಹದಿಮೂರರಲ್ಲಿ ಸಭೆಯ ಅತ್ಯಂತ ಹಿರಿಯಳಾದ ದೊಡ್ಡಮ್ಮನೂ ಇದ್ದಳು. ಹಾಡು, ಬೈಬಲ್ ವಾಕ್ಯ ಎಲ್ಲ ಮುಗಿದು ಆ ಮನೆಯ ಸೊಸೆ ಚಹಾ ತಂದುಕೊಟ್ಟಳು. ಎಲ್ಲರೂ ಒಂದೊಂದು ಗುಟುಕು ಕುಡಿದು ಒಬ್ಬರ ಮುಖ ಒಬ್ಬರು ನೋಡಿದೆವು. ಹೆಸರಿಗೂ ಸಕ್ಕರೆ ಇರಲಿಲ್ಲ. ಕೊನೆಯ ಪ್ರಾರ್ಥನೆಯ ಸರದಿ ದೊಡ್ಡಮ್ಮನದು. ಆಕೆ ಕಪ್ಪು ಕೆಳಗಿಟ್ಟು, ಸೆರಗು ತಲೆಯ ಮೇಲೆಳೆದುಕೊಂಡು ಶುರುಮಾಡಿದಳು.

“ಕರ್ತನೇ, ಈ ಮನೆಯ ಸೊಸೆಯ ಕೈಯನ್ನು ಧಾರಾಳಗೊಳಿಸು. ಅತಿಥಿಗಳಿಗೆ ಕೊಡುವ ಚಹಾದಲ್ಲಿ ಸಕ್ಕರೆ ಎಂಬ ಪದಾರ್ಥವೂ ಇರತಕ್ಕದ್ದೆಂದು ಆಕೆಗೆ ತಿಳಿಯಪಡಿಸು.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ಕಡಿಮೆಯವಳಲ್ಲ. ಆಕೆಯೂ ಕಣ್ಣು ಮುಚ್ಚಿಕೊಂಡೇ ಶುರುಮಾಡಿದಳು.

“ಕರ್ತನೇ, ಕೊಪ್ಪಳದ ಡಾಕ್ಟರು ದೊಡ್ಡಮ್ಮನವರಿಗೆ ಸಕ್ಕರೆ ಮುಟ್ಟಬಾರದೆಂದು ಹೇಳಿದ್ದನ್ನು ಅವರ ಜ್ಞಾಪಕಕ್ಕೆ ತಾ. ನೀನು ಮರೆತಿಲ್ಲ ತಂದೆಯೇ, ಅವರು ಮರೆತಿದ್ದಾರೆ.”

ದೊಡ್ಡಮ್ಮನ ಸಿಟ್ಟು ನೆತ್ತಿಗೇರಿ ಗ್ರಾಂಥಿಕ ಕನ್ನಡ ಕೈಕೊಟ್ಟಿತು. “ಯಪ್ಪಾ ದೇವರೇ, ಸಕ್ಕರಿ ಬ್ಯಾಡ ಅಂದಿದ್ದು ನನಗೊಬ್ಬಾಕಿಗೆ. ಉಳದ ಹನ್ನೆರಡ ಮಂದಿ ಏನ್ ಪಾಪ ಮಾಡ್ಯಾರ ಕೇಳು ಈಕಿನ್ನ!”

ನಾವು ಹನ್ನೆರಡೂ ಮಂದಿ ಒಂದೇ ಉಸಿರಿಗೆ “ಆಮೆನ್” ಎಂದೆವು.

೨. ಟ್ರಾಲಿಯ ಸಾಕ್ಷಿ

ಅವತ್ತು ನಕ್ಕು ಮರೆತುಬಿಟ್ಟಿದ್ದರೆ ಚೆನ್ನಾಗಿತ್ತು. ನಾನು ಅದನ್ನು ವಿದ್ಯೆ ಎಂದು ಕಲಿತು ಬಂದೆ. ಕಲಿತದ್ದನ್ನು ಪ್ರಯೋಗಿಸಿದ್ದು ನಮ್ಮ ಗೌಂಡಿಯ ಮೇಲೆ.

ಗೌಂಡಿ ಎಂದರೆ ನಮ್ಮ ಸಭೆಯ ಇನ್ನೊಬ್ಬ ಹಿರಿಯ, ನನ್ನ ವಾರಗೆಯವನು. ನಮ್ಮ ಚರ್ಚಿನ ನಾಲ್ಕೂ ಗೋಡೆ ಕಟ್ಟಿದವನು ಅವನೇ. ಅವನು ಕಟ್ಟಿದ ಗೋಡೆಗೆ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟರೆ ಒಂದು ಕೂದಲೆಳೆ ವಾರೆ ಸಿಗುವುದಿಲ್ಲ. ಆದರೆ ಅವನು ಹೇಳುವ ಸಾಕ್ಷಿ ಮಾತ್ರ ವರ್ಷದಿಂದ ವರ್ಷಕ್ಕೆ ವಾರೆಯಾಗುತ್ತ ಹೋಗುತ್ತಿತ್ತು.

ಸಾಕ್ಷಿ ಎಂದರೆ, ದೇವರು ತನಗೆ ಮಾಡಿದ ಉಪಕಾರವನ್ನು ಸಭೆಯಲ್ಲಿ ಎದ್ದು ನಿಂತು ಹೇಳುವುದು. ಗೌಂಡಿಗೆ ಇದ್ದದ್ದು ಒಂದೇ ಸಾಕ್ಷಿ. ಬಹಳ ವರ್ಷಗಳ ಹಿಂದೆ ತಾವರಗೇರಾ ಹತ್ತಿರದ ಒಂದು ಹಳ್ಳಿಗೆ ಕ್ರಿಸ್ಮಸ್ ಕೂಟಕ್ಕೆಂದು ನಾವೆಲ್ಲ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಒಣಗಿದ ಜೋಳದ ಕಣಿಕೆ ಹಾಸಿಕೊಂಡು ಕೂತು ಹೊರಟಿದ್ದೆವು. ಒಂದು ಹಳ್ಳದ ಹತ್ತಿರ ರಸ್ತೆ ಕೆಟ್ಟಿತ್ತು. ಹೆದರುಪುಕ್ಕಲನಾದ ನಾನು ಇಳಿದು ಹಿಂದೆ ನಡೆದು ಬರುತ್ತಿದ್ದೆ. ಟ್ರಾಲಿ ಮೆಲ್ಲಗೆ ಜಾರಿ ಮಗ್ಗುಲಿಗೆ ಪಲ್ಟಿಯಾಯಿತು. ಉಳಿದವರಿಗೆ ತರಚುಗಾಯ. ಗೌಂಡಿ ಮಾತ್ರ ಕಣಿಕೆಯ ಕೆಳಗೆ ಸಿಕ್ಕಿಹಾಕಿಕೊಂಡಿದ್ದ. ನಾನು ಕೈ ಕೊಟ್ಟು ಎಳೆದೆ. ಎದ್ದು ಬಂದ. ನಡೆದದ್ದು ಇಷ್ಟೇ.

ಮೊದಲ ವರ್ಷ ಇಷ್ಟನ್ನೇ ಹೇಳಿದ. ಮೂರನೆಯ ವರ್ಷಕ್ಕೆ ಟ್ರಾಲಿ ಎರಡು ಸಲ ಪಲ್ಟಿಯಾಯಿತು. ಐದನೆಯ ವರ್ಷಕ್ಕೆ ಒಣಗಿದ ಹಳ್ಳಕ್ಕೆ ನೀರು ಬಂತು. ಪಲ್ಟಿ ಮೂರಕ್ಕೇರಿದ ಮೇಲೆ ಕಡೆಗೆ ಇನ್ನೂ ಒಬ್ಬ ಸೇರಿಕೊಂಡ. “ಬಿಳಿ ಬಟ್ಟಿ ಹಾಕ್ಕೊಂಡಾಂವ ಒಬ್ಬಾಂವ ಬಂದ್ನಿರಿ. ಕೈ ಕೊಟ್ಟ. ಎದ್ದು ನೋಡ್ತೀನಿ, ಅಲ್ಲಿ ಯಾರೂ ಇಲ್ಲ! ದೇವದೂತ!” ಎಂದು ಅವನು ಕೈ ಮೇಲೆತ್ತಿದಾಗ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು.

ನಾನು ಮುಂದಿನ ಸಾಲಿನಲ್ಲಿ ಕೂತು ಕುದಿಯುತ್ತಿದ್ದೆ. ಯಾಕೆಂದರೆ ಆ ಬಿಳಿ ಬಟ್ಟೆಯವನು ನಾನು. ಅವತ್ತು ಹೊಸ ಬಿಳಿ ಅಂಗಿ, ಹೊಸ ಧೋತರ ಹಾಕಿಕೊಂಡಿದ್ದೆ. ಅವನು ಎದ್ದು ನೋಡಿದಾಗ ಅಲ್ಲಿ ಯಾರೂ ಇರಲಿಲ್ಲ ಹೌದು. ಧೋತರಕ್ಕೆ ಹತ್ತಿದ ಮಣ್ಣು ತೊಳೆಯಲು ನಾನು ಆಚೆ ಹೊಲದ ಬಾವಿಗೆ ಹೋಗಿದ್ದೆ.

ಒಂದು ಭಾನುವಾರ ಅವನ ಸಾಕ್ಷಿ ಮುಗಿದ ಕೂಡಲೇ ಪ್ರಾರ್ಥಿಸುವ ಸರದಿ ನನ್ನದಾಗಿತ್ತು. ಕಣ್ಣು ಮುಚ್ಚಿದೆ. “ಸರ್ವವನ್ನೂ ಬಲ್ಲ ತಂದೆಯೇ, ಟ್ರಾಲಿ ಒಂದೇ ಸಲ ಪಲ್ಟಿಯಾದದ್ದನ್ನು ನೀನು ಬಲ್ಲೆ. ಹಳ್ಳದಲ್ಲಿ ನೀರಿರಲಿಲ್ಲವೆಂದೂ ಬಲ್ಲೆ. ಬಿಳಿ ಬಟ್ಟೆಯವನು ಪರಲೋಕದವನಲ್ಲ, ಕುಷ್ಟಗಿಯವನೇ, ಈಗ ನಿನ್ನ ಮುಂದೆ ನಿಂತಿದ್ದಾನೆಂದೂ ಬಲ್ಲೆ. ಇದ್ದದ್ದನ್ನು ಇದ್ದಷ್ಟೇ ಹೇಳುವ ನಾಲಿಗೆಯನ್ನು ನಿನ್ನ ಮಕ್ಕಳಿಗೆ ದಯಪಾಲಿಸು.”

ಮೊದಲು ಒಂದು ಮೂಲೆಯಲ್ಲಿ ಕಿಸಕ್ಕೆಂದಿತು. ಆಮೇಲೆ ಇಡೀ ಸಭೆ ಕಣ್ಣು ಮುಚ್ಚಿಕೊಂಡೇ ನಕ್ಕಿತು. ಕಣ್ಣು ಮುಚ್ಚಿಕೊಂಡು ನಗುವ ನಲವತ್ತು ಮನೆಯ ಮಂದಿಯ ನಡುವೆ ಗೌಂಡಿಯ ಮುಖ ಹೇಗಿತ್ತೋ ನನಗೆ ಗೊತ್ತಿಲ್ಲ. ನನ್ನ ಕಣ್ಣೂ ಮುಚ್ಚಿತ್ತಲ್ಲ. ಆರಾಧನೆ ಮುಗಿಯುವ ತನಕ ಅವನು ಕೂತಿದ್ದ. ಎಲ್ಲರಿಗೂ ಕೈ ಕೊಟ್ಟ, ನನಗೂ ಕೊಟ್ಟ. “ಬರ್ತೀನ್ರಿ ಮಾಸ್ತರ” ಎಂದ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಮೂರು ತಿಂಗಳಾದ ಮೇಲೆ ಗಂಡಹೆಂಡತಿ ಇಬ್ಬರೂ ಹನುಮಸಾಗರದ ಮಗಳ ಮನೆಗೆ ಹೋಗಿಬಿಟ್ಟರು ಎಂದು ತಿಳಿಯಿತು.

ನಾನು ಹೇಳಿದ್ದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ಅದನ್ನೇ ಹೆಂಡತಿಯ ಮುಂದೆ ಹೇಳಿಕೊಂಡೆ. ಆಕೆ ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತಲಿಲ್ಲ.

“ಹೌದ್ರಿ, ನಿಮ್ಮ ಪ್ರಾರ್ಥನಾ ದೇವರು ಬರೋಬ್ಬರಿ ಕೇಳ್ಯಾನ. ಸುಳ್ಳು ಸಾಕ್ಷಿ ನಿಂತ ಹೋತು, ಹೇಳಾಂವನೂ ಹೋದ. ಮುಂದಿನ ಐತಾರ ಉಳದ ಮಂದಿ ಸಂಬಂಧ ಪ್ರಾರ್ಥನಾ ಮಾಡ್ರಿ, ಚರ್ಚಿಗೆ ಕೀಲಿ ಹಾಕಿ ಬರೂನು.”

೩. ಒಬ್ಬನೇ ಇದ್ದಾಗ

ನಮ್ಮ ಅಯ್ಯನವರು, ಅಂದರೆ ಪಾಸ್ಟರು, ವಯಸ್ಸಿನಲ್ಲಿ ನನ್ನ ಮಗನಷ್ಟಿದ್ದಾರೆ. ಅವರು ನನ್ನನ್ನು ಕೂರಿಸಿಕೊಂಡು ಮೆಲ್ಲಗೆ, “ಮಾಸ್ತರ, ಇನ್ನ ಮುಂದ ಯಾರಿಗರೆ ಏನರೆ ಹೇಳೂದಿದ್ರ ಅವರು ಒಬ್ಬರ ಇದ್ದಾಗ ಹೇಳ್ರಿ. ಪ್ರಾರ್ಥನಾದಾಗ ಬ್ಯಾಡ” ಎಂದರು. ಒಪ್ಪಿಕೊಂಡೆ.

ಒಪ್ಪಿದ ವಾರವೇ ಅವಕಾಶ ಬಂತು. ಗಂಗಾವತಿಗೆ ಹೋಗುವ ಬಸ್ಸು ಹತ್ತಿದರೆ, ನಮ್ಮ ಸಭೆಯ ಒಬ್ಬ ತರುಣ ಕಿಟಕಿಯ ಹತ್ತಿರ ಒಬ್ಬನೇ ಕೂತಿದ್ದಾನೆ. ಗಂಗಾವತಿಯ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವನದು. ಐದು ಭಾನುವಾರದಿಂದ ಚರ್ಚಿಗೆ ಬಂದಿರಲಿಲ್ಲ. ಒಬ್ಬನೇ ಇದ್ದಾನೆ, ದೇವರೇ ಕೂರಿಸಿದ್ದಾನೆ ಎಂದುಕೊಂಡು ಪಕ್ಕದಲ್ಲಿ ಕೂತೆ. ನಮ್ಮ ಕಡೆಯ ಬಸ್ಸಿನಲ್ಲಿ ಒಬ್ಬನೇ ಇರುವುದು ಎಂಬುದೇ ಇಲ್ಲ ಎಂದು ನನಗೆ ಹೊಳೆಯಬೇಕಿತ್ತು.

ಕಿವಿಯಲ್ಲಿ ಹೇಳಿದೆ, ಕೇಳಿಸಲಿಲ್ಲ. ಸ್ವಲ್ಪ ಜೋರಾಗಿ ಹೇಳಿದೆ. ಅವನು “ಹಾಂ?” ಎಂದ. ಕಡೆಗೆ ಎಂಜಿನ್ನಿನ ಸದ್ದಿನ ಮೇಲೆ ಕೂಗಿಯೇ ಕೇಳಿದೆ. “ಐದು ಐತಾರ ಆತು, ಯಾಕ ಬರವಲ್ಲಿ ತಮ್ಮಾ?”

ಮುಂದಿನ ಸೀಟಿನಲ್ಲಿದ್ದ, ನನ್ನ ಮುಖಪರಿಚಯವಿದ್ದ ಹಿರಿಯ ಮುಸ್ಲಿಂ ವ್ಯಾಪಾರಿ ಹಿಂದೆ ತಿರುಗಿದರು. “ಎಲ್ಲಿಗ್ರಿ?”

“ಚರ್ಚಿಗ್ರಿ.”

“ತಪ್ಪು ತಮ್ಮಾ. ಹಿರ್ಯಾರು ಇಷ್ಟ ಕಳಕಳಿಲೆ ಕೇಳಾಕ ಹತ್ಯಾರ. ದೇವರ ಮನಿಗೆ ಹೋಗಾಕ ಬ್ಯಾಸರ ಮಾಡಬಾರದು.” ಹಾಗೆಂದು ನನ್ನ ಕಡೆ ಬಾಗಿದರು. “ಮಾಸ್ತರ, ಇಂವಂದು ಮುಗದ ಮ್ಯಾಲ ಗಂಗಾವತ್ಯಾಗ ನಮ್ಮ ಅಳಿಯಾಗೂ ಒಂದೀಟು ಹೇಳಿ ಹೋಗ್ರಿ. ಶುಕ್ರವಾರದ ನಮಾಜಿಗೆ ಬಾ ಅಂದ್ರ ಬರೇ ನೆವ ಹೇಳ್ತಾನ. ನಾ ಹೇಳಿದ್ರ ಸಿಟ್ಟಿಗೇಳ್ತಾನ. ನೀವು ಹೊರಗಿನವರು, ಕೇಳ್ತಾನ.”

ಆಚೆ ಸೀಟಿನ ಅಜ್ಜಿಗೆ ಸೊಸೆಯ ತಕರಾರಿತ್ತು. ಕಂಡಕ್ಟರನಿಗೆ ತಮ್ಮನದು. “ಕುಡಿಯಾಕ ಕಲ್ತಾನ್ರಿ. ಕನಕಗಿರಿ ಸ್ಟ್ಯಾಂಡಿನ್ಯಾಗ ಇರ್ತಾನ. ಬಸ್ ಐದು ಮಿನಿಟ್ ನಿಂದ್ರಿಸ್ತೀನಿ, ಇಳದು ಹೇಳಿ ಬರ್ರಿ.”

ಕನಕಗಿರಿ ಬಂದಾಗ ಆ ತಮ್ಮ ಪುಣ್ಯಕ್ಕೆ ಅಲ್ಲಿ ಇರಲಿಲ್ಲ. ನಾನು ತಿದ್ದಬೇಕಾದವನೂ ಇರಲಿಲ್ಲ. ಗಂಗಾವತಿಯ ತನಕ ಟಿಕೆಟ್ ತೆಗೆದಿದ್ದ ಹುಡುಗ ಗದ್ದಲದಲ್ಲಿ ಸದ್ದಿಲ್ಲದೆ ಇಳಿದು, ಹಿಂದೆ ಬರುವ ಬಸ್ಸಿಗೆ ಕಾಯುತ್ತ ನಿಂತಿದ್ದ. ಅವನಿಗೆ ಆಗ ಭಾನುವಾರವೂ ಡ್ಯೂಟಿ ಹಾಕಿದ್ದರಂತೆ. ಅದನ್ನು ಹೇಳಲು ನಾನು ಅವನಿಗೆ ಬಾಯಿ ತೆರೆಯಗೊಟ್ಟಿರಲಿಲ್ಲ. ಬಸ್ಸು ಹೊರಟಾಗ ಕಂಡಕ್ಟರ್ ನನ್ನನ್ನೇ ಸಮಾಧಾನ ಮಾಡಿದ.

“ಹೋಗ್ಲಿ ಬಿಡ್ರಿ ಮಾಸ್ತರ. ವಾಪಸ್ ಬರೂ ಮುಂದ ಇದ ಬಸ್ಸಿಗೆ ಬರ್ರಿ, ನನ್ನ ತಮ್ಮನ್ನ ಹಿಡದು ಕುಂದರಿಸಿರ್ತೀನಿ.”

೪. ಬಾಳೆಹಣ್ಣು

ಅಯ್ಯನವರಿಗೆ ಈ ಸುದ್ದಿ ಮುಟ್ಟಿತು. “ಮೊದಲ ಪ್ರೀತಿ ತೋರಸ್ರಿ ಮಾಸ್ತರ, ಆಮ್ಯಾಲ ಮಾತು” ಎಂದರು. ಪ್ರೀತಿ ತೋರಿಸುವುದು ಹೇಗೆ ಎಂದು ನನಗೆ ಯಾರೂ ಕಲಿಸಿರಲಿಲ್ಲ. ಯೋಚಿಸಿ ಒಂದು ಡಜನ್ ಬಾಳೆಹಣ್ಣು ಕೊಂಡೆ.

ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ತಪ್ಪು ಮಾಡಿದವರ ಮನೆಗೆ ಬಾಳೆಹಣ್ಣು ಹಿಡಿದು ಹೋಗುವುದು. ಮಕ್ಕಳ ಕೈಗೆ ಹಣ್ಣು ಕೊಟ್ಟು, ಕ್ಷೇಮ ಕೇಳಿ, ಚಹಾ ಕುಡಿದು, ಆಮೇಲೆ ತಪ್ಪಿಗೆ ಕೈ ಹಾಕುವುದು. ಎರಡು ಮೂರು ಮನೆಯಲ್ಲಿ ಒಳ್ಳೆಯ ಫಲ ಸಿಕ್ಕಿತು ಎಂದೇ ನಾನು ನಂಬಿದ್ದೆ. ಆದರೆ ನಮ್ಮ ಸಭೆ ಸಣ್ಣದು. ಬಾಳೆಹಣ್ಣಿನ ಅರ್ಥ ಒಂದು ತಿಂಗಳಲ್ಲಿ ಎಲ್ಲರಿಗೂ ತಿಳಿದುಹೋಯಿತು. ನಾನು ಕೈಚೀಲ ಹಿಡಿದು ಓಣಿಯಲ್ಲಿ ಕಾಣಿಸಿಕೊಂಡರೆ ಒಂದೊಂದೇ ಬಾಗಿಲು ಮುಚ್ಚಿಕೊಳ್ಳುತ್ತಿತ್ತು.

ಆಗ ನಮ್ಮ ಸಭೆಯ ಒಬ್ಬ ದರ್ಜಿಗೆ ಯಲಬುರ್ಗಾದ ದವಾಖಾನೆಯಲ್ಲಿ ಅಪೆಂಡಿಕ್ಸ್ ಆಪರೇಷನ್ ಆಯಿತು. ಅವನ ಅತ್ತೆಯ ಮನೆ ಇದ್ದದ್ದು ಅಲ್ಲೇ. ಬಹಳ ಸಂಭಾವಿತ ಮನುಷ್ಯ. ಅವನಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಪೇಶಂಟ್ ನೋಡಲು ಬರಿಗೈಯಲ್ಲಿ ಹೋಗಬಾರದೆಂದು ಬಸ್ ಸ್ಟ್ಯಾಂಡಿನಲ್ಲಿ ಹಣ್ಣು ತೆಗೆದುಕೊಂಡು ವಾರ್ಡಿನ ಬಾಗಿಲಲ್ಲಿ ನಿಂತೆ.

ದರ್ಜಿ ನನ್ನನ್ನು ನೋಡಿದ. ನನ್ನ ಕೈಯನ್ನು ನೋಡಿದ. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಏಳಲು ಹೋದ.

“ಮಾಸ್ತರ, ನಾ ಏನೂ ಮಾಡಿಲ್ರಿ!”

“ಮಲಗಪಾ, ಮಲಗು. ಸುಮ್ಮನ ನಿನ್ನ ನೋಡಾಕ ಬಂದೀನಿ.”

“ಹೋದ ವರ್ಷ ಸುಗ್ಗಿ ಹಬ್ಬದಾಗ ಚರ್ಚಿಗೆ ಕಾಣಿಕಿ ಬಂದಿದ್ದ ಒಂದು ಕುಂಬಳಕಾಯಿ ಮನಿಗೆ ಒಯ್ದಿದ್ದೆ, ಅದಕ್ಕೇನ್ರಿ?”

“ಅಲ್ಲಪಾ!”

“ಮತ್ತ ಅಯ್ಯನವರ ಅಂಗಿ ಹೊಲಿಯಾಕ ಎರಡು ತಿಂಗಳ ತಡಾ ಮಾಡಿದ್ದಕ್ಕ?”

ಅವನ ಹೆಂಡತಿ ಅವನ ಬಾಯಿ ಮುಚ್ಚಿದಳು. ಇಲ್ಲದಿದ್ದರೆ ಆ ಸಂಭಾವಿತ ಮನುಷ್ಯ ಇನ್ನೂ ಏನೇನು ಒಪ್ಪಿಕೊಳ್ಳುತ್ತಿದ್ದನೋ! ಪಕ್ಕದ ಹಾಸಿಗೆಯ ಪೇಶಂಟ್ ನನ್ನನ್ನು ಪೊಲೀಸಿನವನೆಂದು ತಿಳಿದು ಗೋಡೆಯ ಕಡೆ ಹೊರಳಿ ಮಲಗಿದ.

ಬಸ್ಸಿನಲ್ಲಿ ವಾಪಸ್ಸು ಬರುವಾಗ ನನಗೆ ನಗು ಬರಲಿಲ್ಲ. ಬೇನೆ ಬಿದ್ದ ಮನುಷ್ಯನಿಗೆ ನನ್ನ ಕೈಯಿಂದ ಒಂದು ಬಾಳೆಹಣ್ಣನ್ನು ನೆಮ್ಮದಿಯಿಂದ ತೆಗೆದುಕೊಳ್ಳಲು ಆಗಲಿಲ್ಲ. ಅಷ್ಟು ಹೆದರಿಸಿ ಇಟ್ಟಿದ್ದೆ ಎಲ್ಲರನ್ನೂ. ಮನೆಗೆ ಬಂದು ಹೆಂಡತಿಗೆ ಇದನ್ನೆಲ್ಲ ಹೇಳಿದೆ. ಆಕೆ ಅವತ್ತು ಚುಚ್ಚಿ ಮಾತಾಡಲಿಲ್ಲ.

“ತಾಲೂಕೆಲ್ಲ ತಿರಗಿ ಮಂದಿ ತಪ್ಪು ಹುಡುಕಿದ್ರಿ. ನಿಮ್ಮ ತಪ್ಪು ಹನುಮಸಾಗರದಾಗ ಕುಂತೈತಿ. ಅಲ್ಲಿಗೆ ಯಾವಾಗ ಹೋಗ್ತೀರಿ?” ಎಂದಳು. ಆಮೇಲೆ ನನ್ನ ಕೈಚೀಲ ಇಸಿದುಕೊಂಡು ಗೂಟಕ್ಕೆ ಹಾಕಿದಳು. “ಬಾಳಿಹಣ್ಣು ಮಾತ್ರ ಒಯ್ಯಬ್ಯಾಡ್ರಿ. ಆ ಮನುಷ್ಯಾ ಊರ ಬಿಟ್ಟು ಓಡ್ಯಾನು.”

೫. ಹನುಮಸಾಗರದಲ್ಲಿ

ಎರಡು ವರ್ಷ ತಡವಾಗಿ ಹೋದೆ. ಕುಷ್ಟಗಿಯಿಂದ ಹನುಮಸಾಗರವೇನು ದೂರದ ಊರಲ್ಲ, ಗಳಿಗೆಗೊಂದು ಬಸ್ಸಿದೆ. ದೂರ ಇದ್ದದ್ದು ನನ್ನ ಸೊಕ್ಕಿನಲ್ಲಿ.

ಗೌಂಡಿ ಮಗಳ ಮನೆಯ ಮುಂದಿನ ಕಟ್ಟೆಗೆ ಸಿಮೆಂಟ್ ಬಳಿಯುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ. “ಬರ್ರಿ ಮಾಸ್ತರ, ಬರ್ರಿ, ಕಾಲಿಗೆ ನೀರು ತಗೋರಿ” ಎಂದ. ಮರ್ಯಾದೆಯಲ್ಲಿ ಒಂದು ಗುಂಜಿ ಕಡಿಮೆಯಿಲ್ಲ. ನಾನು “ಗೌಂಡ್ಯಾರ, ಅವತ್ತಿನ ಮಾತು...” ಎಂದೆ. ಅವನು “ಮೊದಲ ಊಟ ಮಾಡೂನ್ರಿ” ಎಂದ. ರೊಟ್ಟಿ ಮುಗಿದ ಮೇಲೆ ಮತ್ತೆ ಶುರುಮಾಡಿದೆ. “ಶೇಂಗಾ ಚಟ್ನಿ ತಗೋರಿ” ಎಂದ. ಚಹಾದ ಹೊತ್ತಿಗೆ ಮತ್ತೊಮ್ಮೆ ಬಾಯಿ ತೆರೆದೆ. ಈ ವರ್ಷ ಸಿಮೆಂಟಿನ ಗುಣ ಹೇಗೆ ಕೆಟ್ಟಿದೆ ಎಂದು ಅರ್ಧ ತಾಸು ಹೇಳಿದ.

ಅವನ ಹೆಂಡತಿ ಒಳಗಿನಿಂದ ಬಂದು ಮೆಲ್ಲಗೆ ಹೇಳಿದಳು. “ಅಣ್ಣಾರ, ಮೊದಲಿನಂಗ ಮಾತಿಲ್ರಿ ಇವರದು. ಮೊಮ್ಮಕ್ಕಳು ಟ್ರಾಲಿ ಕಥಿ ಹೇಳ ಮುತ್ಯಾ ಅಂತ ಗಂಟ ಬೀಳ್ತಾವ. ಕಥಿ ಇಲ್ಲ, ಏನೂ ಇಲ್ಲ, ಮಲಕೋರಿ ಅಂತಾರ.”

ಚಹಾದ ಕಪ್ಪು ಕೆಳಗಿಟ್ಟು ಎದ್ದು ನಿಂತೆ. ನಮ್ಮ ಮನೆಗಳಲ್ಲಿ ಹಿರಿಯರು ಬಂದರೆ ಹೊರಡುವ ಮುಂಚೆ ಪ್ರಾರ್ಥನೆ ಮಾಡಿ ಹೋಗಬೇಕು. ತಾಯಿ ಮಗಳು ಸೆರಗು ಹೊದ್ದು ಕಣ್ಣು ಮುಚ್ಚಿದರು. ನಾನೂ ಮುಚ್ಚಿ “ಕರ್ತನೇ” ಎಂದೆ. ಯಾಕೋ ಮುಂದೆ ಹೋಗಲಾಗಲಿಲ್ಲ. ಒಂದು ಕಣ್ಣು ತೆರೆದು ನೋಡಿದರೆ, ಗೌಂಡಿ ಎರಡೂ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಾನೆ. ಕಚ್ಚುವ ನಾಯಿಯ ಮುಂದೆ ಹಾಯುವವನು ನೋಡುವ ಹಾಗೆ.

“ಕಣ್ಣ ಮುಚ್ರಿ ಗೌಂಡ್ಯಾರ” ಎಂದು ಪಿಸುಗುಟ್ಟಿದೆ.

“ಒಮ್ಮೆ ಮುಚ್ಚಿದ್ದೆ ಮಾಸ್ತರ. ಸಾಕಾಗೇತಿ.”

ನಾನು ಇನ್ನೊಂದು ಕಣ್ಣನ್ನೂ ತೆರೆದೆ. ಜೀವನದಲ್ಲಿ ಮೊದಲ ಸಲ ದೇವರನ್ನು ನಡುವೆ ತರದೆ ಒಬ್ಬ ಮನುಷ್ಯನ ಮುಖ ನೋಡಿಕೊಂಡು ಮಾತಾಡಿದೆ. “ನಂದ ತಪ್ಪು. ಅಷ್ಟು ಮಂದಿ ಮುಂದ ನಿಮ್ಮ ಮಾನ ಕಳದೆ. ಖರೆ ಹೇಳೂ ನೆವದಾಗ ನನ್ನ ಹೆಸರು ಹೇಳಲಿಲ್ಲಂತ ಸೇಡು ತೀರಿಸ್ಕೊಂಡೆ. ನಾನೊಬ್ಬ ದೊಡ್ಡ ಮೂರ್ಖ.”

ಕಣ್ಣು ಮುಚ್ಚಿಕೊಂಡೇ ಇದ್ದ ಅವನ ಹೆಂಡತಿ, ಪ್ರಾರ್ಥನೆ ಮುಗಿಯಿತೆಂದು ತಿಳಿದು, ಓಣಿಗೆಲ್ಲ ಕೇಳುವ ಹಾಗೆ “ಆಮೆನ್!” ಎಂದಳು.

೬. ಸುಗ್ಗಿಯ ಭಾನುವಾರ

ಗೌಂಡಿ “ನೀವಂದಿದ್ದು ಖರೇನ ಇತ್ತಲ್ರಿ” ಎಂದಷ್ಟೇ ಅಂದು ನನ್ನನ್ನು ಬಸ್ಸಿಗೆ ಹತ್ತಿಸಿದ. ಆದರೆ ಸುಗ್ಗಿಯ ಆರಾಧನೆಯ ದಿನ ಹೆಂಡತಿಯನ್ನು ಕರೆದುಕೊಂಡು ಬಂದ. ಜೋಳದ ತೆನೆ, ಶೇಂಗಾ, ಕುಂಬಳಕಾಯಿ ಎಲ್ಲ ಎದುರಿಗೆ ಪೇರಿಸಿಟ್ಟಿದ್ದರು. ಅವನು ಬಾಗಿಲಲ್ಲಿ ನಿಂತು ಮೊದಲು ತಾನು ಕಟ್ಟಿದ ಗೋಡೆಯನ್ನು ಒಮ್ಮೆ ಕೈಯಿಂದ ಸವರಿದ. ಆಮೇಲೆ ಒಳಗೆ ಬಂದು ಹಿಂದಿನ ಸಾಲಿನಲ್ಲಿ ಕೂತ.

ಸಾಕ್ಷಿಯ ಹೊತ್ತು ಬಂತು. ಎಲ್ಲರೂ ಅವನ ಕಡೆ ತಿರುಗಿದರು. ಅವನಿಲ್ಲದ ಎರಡು ವರ್ಷ ಆ ಕಥೆ ಕೇಳದೆ ನಮ್ಮ ಮಂದಿ ಸೊರಗಿದ್ದರು. ಅವನು ಎದ್ದು ನಿಂತು ಕೈಕಟ್ಟಿಕೊಂಡ.

“ಟ್ರಾಲಿ ಪಲ್ಟಿ ಆತು. ಒಂದ ಸಲ. ಹಳ್ಳದಾಗ ನೀರು ಇರಲಿಲ್ಲ. ಮಾಸ್ತರು ಕೈ ಕೊಟ್ಟು ಎಬ್ಬಿಸಿದ್ರು. ದೇವರಿಗೆ ಸ್ತೋತ್ರ.” ಇಷ್ಟು ಹೇಳಿ ಕೂತುಬಿಟ್ಟ.

“ಮುಗೀತೇನು?” ಎಂದು ಯಾರೋ ಕೇಳಿದರು.

ಮುಗಿದಿತ್ತು. ಒಂದು ತಪ್ಪಿಲ್ಲ. ನನ್ನ ಲೆಕ್ಕದಲ್ಲಿ ನೂರಕ್ಕೆ ನೂರು ಅಂಕ. ಅಷ್ಟು ಒಣಗಿದ ಸಾಕ್ಷಿಯನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಒಬ್ಬ ಮನುಷ್ಯನ ಸಂತೋಷವನ್ನು ಹೀಗೆ ಹಿಂಡಿ ಹಾಕಿದವನು ನಾನೇ ಎಂದು ಅರಿವಾಯಿತು. ಏನು ಮಾಡುತ್ತಿದ್ದೇನೆ ಎಂದು ತಿಳಿಯುವ ಮೊದಲೇ ಎದ್ದು ನಿಂತಿದ್ದೆ.

“ಗೌಂಡ್ಯಾರು ಸಂಕೋಚಪಟ್ಟು ಕಡಿಮಿ ಹೇಳ್ಯಾರ. ನಾ ಅಲ್ಲೇ ಇದ್ದೆ, ಕಣ್ಣಾರೆ ನೋಡೀನಿ. ಎರಡು ಸಲ ಪಲ್ಟಿ ಆತು!”

ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಅಯ್ಯನವರು ಕನ್ನಡಕ ತೆಗೆದರು. ನಾನು ಬಿಡಲಿಲ್ಲ. “ಹಳ್ಳದಾಗ ನೀರೂ ಇತ್ತು” ಎಂದೆ.

“ಎಷ್ಟಿತ್ರಿ ಮಾಸ್ತರ?” ದರ್ಜಿ ಹಿಂದಿನಿಂದ ಕೇಳಿದ.

“ಮೊಣಕಾಲ ಮಟ” ಎಂದೆ. ಗೌಂಡಿಯ ಮುಖ ನೋಡಿದೆ. ಸಾಲದು ಅನ್ನಿಸಿತು. “ಟೊಂಕದ ಮಟ!”

“ಹಲ್ಲೆಲೂಯ!” ಎಂದಿತು ಸಭೆ. ಚಪ್ಪಾಳೆಯೋ ಚಪ್ಪಾಳೆ. ಹಿಂದಿನ ಸಾಲಿನಲ್ಲಿ ಗೌಂಡಿ ತಲೆ ತಗ್ಗಿಸಿ ಕೂತಿದ್ದ, ಅವನ ಭುಜ ಅಲುಗುತ್ತಿತ್ತು. ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯಲಿಲ್ಲ.

ಆರಾಧನೆ ಮುಗಿದು ಎಲ್ಲರೂ ಊಟಕ್ಕೆ ಪಂಕ್ತಿಯಲ್ಲಿ ಕೂರುತ್ತಿದ್ದಾಗ ಅವನು ಬಂದು ನನ್ನ ಮೊಣಕೈ ಹಿಡಿದ. ಚರ್ಚಿನ ಹಿಂದುಗಡೆಗೆ ಕರೆದುಕೊಂಡು ಹೋದ. ಆ ಕಡೆ ಈ ಕಡೆ ನೋಡಿ ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡ. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಸಣ್ಣ ದನಿಯಲ್ಲಿ ಹೇಳಿದ.

“ಮಾಸ್ತರ, ಸಿಟ್ಟ ಮಾಡ್ಕೋಬ್ಯಾಡ್ರಿ. ನಾಕ ಮಂದ್ಯಾಗ ಹೇಳಬಾರದು ಅಂತ ಇಲ್ಲಿ ಕರ್ಕೊಂಡು ಬಂದೆ. ದೇವರ ಮನ್ಯಾಗ ಸುಳ್ಳು ಹೇಳಬಾರದ್ರಿ. ನನ್ನ ಸಂಬಂಧ ಹೇಳಿದ್ರಿ, ಅದು ನನಗ ಗೊತ್ತೈತಿ. ಆದ್ರೂ ಹೇಳಬಾರದು. ಒಂದ ಸಲ ಪಲ್ಟಿ ಆಗಿದ್ದು.”

“ತಪ್ಪಾತು ಗೌಂಡ್ಯಾರ” ಎಂದೆ. ಇನ್ನೊಬ್ಬರನ್ನು ತಿದ್ದುವುದು ಇಷ್ಟು ಸುಲಭವಾಗಿತ್ತು. ಒಂದು ಕೈ ಹೆಗಲ ಮೇಲೆ, ನಾಲ್ಕು ಮಾತು, ಯಾರಿಗೂ ಕೇಳಿಸದ ಹಾಗೆ. ಇದು ನನಗೆ ಎರಡು ವರ್ಷದ ಹಿಂದೆ ಗೊತ್ತಿದ್ದರೆ ನೂರು ಭಾನುವಾರ ಇವನ ಪಕ್ಕದಲ್ಲಿ ಕೂತು ಕಳೆಯಬಹುದಿತ್ತು. ಈಗ ಅವನು ಹನುಮಸಾಗರದವನಾಗಿದ್ದಾನೆ. ಮಗಳು, ಮೊಮ್ಮಕ್ಕಳು, ಕೆಲಸ ಎಲ್ಲ ಅಲ್ಲೇ. ವರ್ಷಕ್ಕೊಮ್ಮೆ ಸುಗ್ಗಿಗೆ ಬರುತ್ತೇನೆ ಎಂದ. ಹೋದ ಭಾನುವಾರಗಳು ಯಾವ ಪ್ರಾರ್ಥನೆಗೂ ತಿರುಗಿ ಬರುವುದಿಲ್ಲ.

ಕಣ್ಣೊರೆಸಿಕೊಂಡು ಕೇಳಿದೆ. “ಒಂದು ಮಾತು ಹೇಳ್ರಿ. ಅವತ್ತು ಕೈ ಕೊಟ್ಟಾಂವ ನಾನ ಅಂತ ನಿಮಗ ಗೊತ್ತಿರಲಿಲ್ಲೇನು?”

“ಯಾಕ ಗೊತ್ತಿರೂದಿಲ್ರಿ? ಕೈ ಕಿತ್ತು ಬರೂಹಂಗ ಹಿಡದು ಎಳದು, ಹುಷಾರ್ ಇಲ್ಲೇನು ನಿನಗ ಅಂತ ಬೈದಾಂವ ನೀವಲ್ಲದ ಮತ್ತ್ಯಾರು?” ಎಂದು ನಕ್ಕ. “ಆದ್ರ ಆ ಹೊತ್ತಿಗೆ ದೇವರು ನಿಮ್ಮನ್ನ ಅಲ್ಲಿ ನಡಿಸ್ಕೊಂಡು ಬಂದಿದ್ದ. ಅಂಥಾವರಿಗೆ ದೂತ ಅನ್ನಲಾರದ ಮತ್ತೇನು ಅನ್ನೂದು? ಅಷ್ಟು ವರ್ಷ ನಿಮ್ಮನ್ನ ದೂತ ಮಾಡಿ ಕುಂದರಿಸಿದ್ದೆ. ನೀವ ಎದ್ದು ನಿಂತು, ನಾ ದೂತ ಅಲ್ಲ ಅಂದ್ರಿ.”

ನಾಚಿಕೆ ಬಿಟ್ಟು ಹೇಳಿದೆ. “ಮುಂದಿನ ಸುಗ್ಗಿಗೆ ಬಂದಾಗ ಮತ್ತ ಹಂಗ ಹೇಳ್ರಿ ಗೌಂಡ್ಯಾರ. ದೂತ ಅಂತನ ಹೇಳ್ರಿ. ಈ ಸಲ ಒಪ್ಕೋತೀನಿ.”

ಗೌಂಡಿ ಗದ್ದ ಕೆರೆದುಕೊಂಡ.

“ಹ್ಯಾಂಗ ಹೇಳ್ಲಿ ಮಾಸ್ತರ? ಇವತ್ತ ಎಲ್ಲಾರ ಮುಂದ ಟೊಂಕದ ಮಟ ಸುಳ್ಳು ಹೇಳೀರಿ. ಇನ್ನ ನಿಮ್ಮನ್ನ ದೂತ ಅಂದ್ರ ಯಾರ ನಂಬ್ತಾರ?”